ಪಾಲಪ್ಪ ಮೇಸ್ತ್ರಿ ಚಾಕಲೇಟಿಗೆ ಮೋಲ್ಡ್ ಹಾಕಿದ್ದು

"ಮೂರು ಫ್ಲೋರು ಬಿಲ್ಡಿಂಗ್ ಎಬ್ಬಿಸಿದೋನು ನಾನು! ಒಂದು ತಟ್ಟೆ ಚಾಕಲೇಟು ಮಾಡಕ್ಕಾಗಲ್ವಾ?"

ತಾವರೆಕೆರೆಯ ಪಾಲಪ್ಪ ಮೇಸ್ತ್ರಿ ಹೀಗೆ ಘರ್ಜಿಸಿದ್ದು ಶನಿವಾರ ಬೆಳಿಗ್ಗೆ, ಹೆಂಡತಿ ಬೊಮ್ಮಕ್ಕನ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು. ಆ ಹೊಸ್ತಿಲು ದಾಟಿ ಅವನು ಒಳಗೆ ಕಾಲಿಟ್ಟ ದಾಖಲೆ ಅದುವರೆಗೆ ಇರಲಿಲ್ಲ. ಶಿರಾದಿಂದ ಮಧುಗಿರಿಯವರೆಗೆ ಅವನು ಕಟ್ಟಿದ ಅಡುಗೆಮನೆಗಳಿಗೆ ಲೆಕ್ಕವೇ ಇಲ್ಲ. ಆದರೆ ಒಂದರಲ್ಲಾದರೂ ಒಲೆ ಹಚ್ಚಿದ್ದರೆ ಕೇಳಿ! ಕಂಡವರ ಮನೆಯಲ್ಲಿ ಸಿಂಕು ಎಲ್ಲಿರಬೇಕು, ಕಿಟಕಿ ಎಲ್ಲಿರಬೇಕು ಎಂದು ಭಾಷಣ ಬಿಗಿಯುವ ಈ ಮಹಾಶಯನಿಗೆ ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ವಿಷಯ ಇಷ್ಟು. ಮಧುಗಿರಿಗೆ ಕೊಟ್ಟಿರುವ ಮಗಳು ಗಂಗಲಕ್ಷ್ಮಿಯ ಕೂಸು ಲೋಹಿತಾಗೆ ಹಾಲು ಆಗಿಬರುವುದಿಲ್ಲ. ಹಾಲು, ಬೆಣ್ಣೆ, ತುಪ್ಪ, ಯಾವುದು ಚೂರು ಬಾಯಿಗೆ ಹೋದರೂ ಮೈತುಂಬ ದದ್ದು! ಯಾರದೇ ಬರ್ತಡೇ ಆಗಲಿ, ಉಳಿದ ಮಕ್ಕಳು ಮೂತಿಗೆಲ್ಲ ಕೇಕು ಬಳಿದುಕೊಂಡು ಕುಣಿಯುವಾಗ ಈ ಹುಡುಗಿ ಮೂಲೆಯಲ್ಲಿ ಕೂತು ಖಾರಾಬೂಂದಿ ಅಗಿಯಬೇಕು. ಅಂಗಡಿ ಚಾಕಲೇಟೂ ಅವಳಿಗೆ ನಿಷಿದ್ಧ. ಈಗ ಭಾನುವಾರ ಅವಳದೇ ಬರ್ತಡೇ, ಅದೂ ಅಜ್ಜಿ ಮನೆಯಲ್ಲಿ. ಹೋದ ಸಲ ಬಂದಾಗ, "ತಾತ, ನನ್ ಬರ್ತಡೇಲಾದ್ರೂ ನಾನು ತಿನ್ನೋ ಸ್ವೀಟು ಇರ್ತದಾ?" ಎಂದು ಕೇಳಿದ್ದಳು. ಯಾರಾದರೂ ಆಸೆಯಿಂದ ಕೇಳಿದರೆ ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಡುವುದು ಪಾಲಪ್ಪನ ಹುಟ್ಟುಗುಣ. "ಇರ್ತದೆ ಕಣವ್ವ! ತಾತನೇ ಮಾಡ್ತಾನೆ! ಚಾಕಲೇಟೇ ಮಾಡ್ತಾನೆ!" ಅಂದುಬಿಟ್ಟ. ಹುಡುಗಿ ಇಡೀ ಸ್ಕೂಲಿಗೆ ಡಂಗೂರ ಸಾರಿಬಿಟ್ಟಳು.

ಮಾತು ಕೊಟ್ಟಾಯಿತು, ಇನ್ನು ಮಾಡುವುದು ಹೇಗೆ? ಮೊಬೈಲು ಕೈ ಹಿಡಿಯಿತು. ಹಾಲಿಲ್ಲದ ಚಾಕಲೇಟ್ ಫಡ್ಜ್, ಸುಲಭಕ್ಕಿಂತ ಸುಲಭ! ತೆಂಗಿನಕಾಯಿ ಹಾಲು, ಬೆಲ್ಲ, ರುಬ್ಬಿದ ಕಡಲೆಕಾಯಿ ಬೀಜ, ಕೋಕೋ ಪುಡಿ. ಕಾಯಿಸು, ತಟ್ಟೆಗೆ ಸುರಿ, ಗಟ್ಟಿಯಾದ ಮೇಲೆ ಕೊಯ್ದು ತಿನ್ನು. ವೀಡಿಯೋ ಮುಗಿಯುವಷ್ಟರಲ್ಲಿ ಪಾಲಪ್ಪನಿಗೆ ಜ್ಞಾನೋದಯವಾಗಿತ್ತು.

"ಲೇ ಬೊಮ್ಮಿ, ಇದು ಕಾಂಕ್ರೀಟೇ ಕಣೇ! ಕಲಸೋದು, ಸುರಿಯೋದು, ಸೆಟ್ ಆಗಾಕೆ ಬುಡೋದು. ಇಷ್ಟು ವರ್ಸ ನಾನು ಇನ್ನೇನ್ ಮಾಡಿವ್ನಿ?"

"ಕಾಂಕ್ರೀಟು ಅಂತ ನೀನೇ ಅಂತೀಯ. ಮಗೀನ ಹಲ್ಲು ಉಳಿಸಯ್ಯ, ಸಾಕು."

"ನಿಂಗೆ ಇಂಜಿನಿಯರಿಂಗ್ ತಿಳಿಯಕಿಲ್ಲ."

"ಆಗ್ಲಪ್ಪ ಇಂಜಿನಿಯರ್ರೇ, ನೀನೇ ಮಾಡು. ಆಮ್ಯಾಕೆ ಬೊಮ್ಮಿ ಬಾ, ಬೊಮ್ಮಿ ನೋಡು ಅಂತ ನನ್ನ ಕೂಗ್ಬ್ಯಾಡ!"

ಶಿರಾದಲ್ಲಿ ಬೇಕರಿ ಸಾಮಾನಿನ ಅಂಗಡಿ ಇಟ್ಟಿರುವ ಗೆಳೆಯ ಜಾವೀದ್, "ಕೋಕೋ ಎಷ್ಟು ಕೊಡ್ಲಿ ಪಾಲಣ್ಣ?" ಎಂದು ಕೇಳಿದ. "ಒಂದು ಬಾಂಡ್ಲಿಗೆ ಎಷ್ಟು ಬೀಳ್ತದೋ ಅಷ್ಟು ಕೊಡಪ್ಪ" ಎಂದ ಪಾಲಪ್ಪ. ಗಾರೆ ಹೊರುವ ಬಾಂಡ್ಲಿ ಬಿಟ್ಟರೆ ಬೇರೆ ಅಳತೆ ಅವನಿಗೆ ಎಲ್ಲಿ ಗೊತ್ತು?

"ಅರೆ ಅಲ್ಲಾ! ಚಾಕಲೇಟ್ ಮಾಡ್ತೀಯೋ, ಮಹಡಿ ಹಾಕ್ತೀಯೋ?"

ಮಧ್ಯಾಹ್ನದ ಹೊತ್ತಿಗೆ ಒಲೆಯ ಮೇಲೆ ಪಾಕ ಕೊತಕೊತ ಕುದಿಯಿತು. ಘಮಘಮ! ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮೇಸ್ತ್ರಿಯ ಕಣ್ಣಿಗೆ ಅದರಲ್ಲಿ ಗಂಟುಗಳು ಕಂಡವು. ಗಂಟಿರುವ ಮಾಲನ್ನು ಅವನು ಜನ್ಮದಲ್ಲಿ ಬಳಸಿದವನಲ್ಲ! ಬಿಸಿ ಬಿಸಿ ಪಾಕವನ್ನೇ ಮಿಕ್ಸಿ ಜಾರಿಗೆ ತುಂಬಿ, ಮುಚ್ಚಳ ಹಾಕಿ, ಗುಂಡಿ ತಿರುಗಿಸಿದ. ಢಮಾರ್! ಮುಚ್ಚಳ ಅಟ್ಟಕ್ಕೆ ಹಾರಿತು, ಜಾರಿನಲ್ಲಿದ್ದದ್ದು ಗೋಡೆಗೆ ಹಾರಿತು. ಅದೆಂಥ ಗೋಡೆ! ಬೊಮ್ಮಕ್ಕ ಕಾಡಿ ಬೇಡಿ, ಮುನಿಸಿಕೊಂಡು, ಎರಡು ಹೊತ್ತು ಉಪವಾಸ ಕೂತು ಬಿಳಿ ಬಣ್ಣ ಹೊಡೆಸಿಕೊಂಡಿದ್ದ ಗೋಡೆ.

ಸದ್ದು ಕೇಳಿ ಓಡಿಬಂದ ಬೊಮ್ಮಕ್ಕ ಕಂಡದ್ದೇನು? ಗಂಡ ಗಾರೆ ಕರಣೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೋಡೆಗೆ ಸಿಡಿದ ಚಾಕಲೇಟನ್ನು ನಯವಾಗಿ ಸವರುತ್ತಿದ್ದಾನೆ! ಬಟ್ಟೆ ತಗೊಂಡು ಒರೆಸಬೇಕೆಂದೇ ಅವನೂ ಹೊರಟಿದ್ದ. ಗೋಡೆ ಮೇಲೆ ಹಸಿ ಮಾಲು ಕಂಡದ್ದೇ ತಡ, ಕೈ ತಾನೇ ಕರಣೆ ಹುಡುಕಿಕೊಂಡಿತ್ತು.

"ಅಯ್ಯೋ ನನ್ ಕರ್ಮವೇ! ಒರೆಸೋದು ಬುಟ್ಟು ಪ್ಲಾಸ್ಟ್ರಿಂಗ್ ಮಾಡ್ತಾ ನಿಂತವ್ನಲ್ಲಪ್ಪಾ ಇವ್ನು!"

"ಸ್ವಲ್ಪ ತಡಿಯೇ, ಈ ಮೂಲೆ ಒಂದು ಸಮ ಆಗ್ಬುಡ್ಲಿ..."

ಅದೃಷ್ಟಕ್ಕೆ ಪಾತ್ರೆಯಲ್ಲಿ ಇನ್ನೂ ಬೇಕಾದಷ್ಟು ಉಳಿದಿತ್ತು. ಕಾಂಕ್ರೀಟು ಅಂಟದಿರಲೆಂದು ಸೆಂಟ್ರಿಂಗ್ ಶೀಟಿಗೆ ಎಣ್ಣೆ ಬಳಿಯುವ ಶ್ರದ್ಧೆಯಿಂದ ತಟ್ಟೆಗೆ ಕೊಬ್ಬರಿ ಎಣ್ಣೆ ಬಳಿದು, ಪಾಕ ಸುರಿದು, ಅಂಚಿನ ಮೇಲೆ ರಸಮಟ್ಟ ಇಟ್ಟು ಮಟ್ಟಸವಾಗಿದೆಯೇ ಎಂದು ನೋಡಿದ. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು! ತಟ್ಟೆ ಫ್ರಿಜ್ಜಿಗೆ ಹೋಯಿತು. ಸಂಜೆ ಬೆರಳ ಗಿಣ್ಣಿನಿಂದ ತಟ್ಟಿ ನೋಡಿದರೆ ಗಟ್ಟಿ ಎಂದರೆ ಗಟ್ಟಿ. ಪಾಲಪ್ಪ ಮೀಸೆ ತಿರುವಿದ. ಬೊಮ್ಮಕ್ಕ ಕೂಡ, "ಪರವಾಗಿಲ್ಲ ಕಣಯ್ಯ" ಅಂದಳು. ಇಂಥ ಸರ್ಟಿಫಿಕೇಟು ಅವಳಿಂದ ಮದುವೆಯಾದಾಗಿನಿಂದ ಬಂದಿರಲಿಲ್ಲ!

ಭಾನುವಾರ ಬೆಳಿಗ್ಗೆ ಬೊಮ್ಮಕ್ಕ ಹೂವು ತರಲು ಹೋಗಿದ್ದಳು. ಪಾಲಪ್ಪ ಫ್ರಿಜ್ಜು ತೆಗೆದ. ಚಾಕಲೇಟಿನ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಂಥ ಬಿರುಕು!

ಬಿರುಕು ಯಾಕೆ ಬರುತ್ತದೆ? ಈ ಪ್ರಶ್ನೆಗೆ ಪಾಲಪ್ಪ ಊರೂರಲ್ಲಿ ಒಂದೇ ಉತ್ತರ ಕೊಟ್ಟಿದ್ದಾನೆ. "ನೀರು ಹೊಡೀರಿ, ನೀರು ಹೊಡೀರಿ ಅಂತ ಬಡ್ಕಂಡೆ. ಕೇಳಿದ್ರಾ ನೀವು?" ಮಹಡಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕಿದ ಮಾರನೇ ದಿನ ಅದರ ಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಅದೇ ಕ್ಯೂರಿಂಗ್. ಅದಿಲ್ಲದ ಮನೆ ಮನೆಯಲ್ಲ. ಅಂದ ಮೇಲೆ ಚಾಕಲೇಟು ಏನು ಮಹಾ?

ಮಣ್ಣಿನ ಬದಲು ರಾಗಿ ಹಿಟ್ಟು ಕಲಸಿ ಚಾಕಲೇಟಿನ ಮೇಲೆ ಅಂಚಿನುದ್ದಕ್ಕೂ ಚೆಂದದ ಕಟ್ಟೆ ಕಟ್ಟಿದ. ಮೊಮ್ಮಗಳ ಚಾಕಲೇಟಿಗೆ ಬೋರ್‌ವೆಲ್ ನೀರು ಹೊಡೆಯಲು ಮನಸ್ಸು ಬರಲಿಲ್ಲ, ಫಿಲ್ಟರ್ ನೀರನ್ನೇ ತುಂಬಿದ. ಫ್ರಿಜ್ಜಿನೊಳಗೆ ಯಾವ ಸೀಮೆಯಲ್ಲಾದರೂ ಕ್ಯೂರಿಂಗ್ ಮಾಡುತ್ತಾರೆಯೇ? ತಟ್ಟೆ ಮಹಡಿಗೆ ಹೋಯಿತು, ಬಿಸಿಲಿಗೆ! ಮೇಲೆ ಒಗೆದ ಪಂಚೆ ಹೊದಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಮೆಲ್ಲಗೆ ಮೇಲೆ ಬಂದು ಪಂಚೆ ಎತ್ತಿದ.

ಚಾಕಲೇಟು ಇರಲಿಲ್ಲ. ಕೆಸರಿತ್ತು! ಕಟ್ಟೆಯೂ ಕರಗಿ ಅದರಲ್ಲೇ ಲೀನವಾಗಿತ್ತು.

ಅದೇ ಗಳಿಗೆಗೆ ಕೆಳಗೆ ಆಟೋ ನಿಂತ ಸದ್ದು. "ತಾತಾ! ಚಾಕಲೇಟ್ ಎಲ್ಲಿ?"

ಅಷ್ಟರಲ್ಲಿ ಹೂವು ತಂದಿದ್ದ ಬೊಮ್ಮಕ್ಕ, ಗಂಡ ಇಳಿದು ಬಾರದ್ದು ಕಂಡು ಮೇಲೆ ಹತ್ತಿಬಂದಳು. ತಟ್ಟೆ ನೋಡಿದಳು, ಗಂಡನ ಮುಖ ನೋಡಿದಳು.

"ಏನಯ್ಯ ಇದು?"

"ನೀರು ಹೊಡ್ದೆ ಕಣೇ. ಕ್ರ್ಯಾಕ್ ಬಂದಿತ್ತು."

"ಕ್ರ್ಯಾಕ್ ಬಂದಿರಾದು ಚಾಕಲೇಟಿಗಲ್ಲ, ನಿನ್ ತಲೆಗೆ!"

ಬೇರೆ ದಿನವಾಗಿದ್ದರೆ ಪಾಲಪ್ಪ ಎಗರಾಡುತ್ತಿದ್ದ. ಇವತ್ತು ಮಹಡಿಯ ಗೋಡೆಗೆ ಒರಗಿ ಕುಸಿದು ಕೂತ. ಕಣ್ಣಲ್ಲಿ ನೀರಾಡಿತು. "ಇವತ್ತೂ ಖಾರಾಬೂಂದಿಯೇನಾ ಬೊಮ್ಮಿ ಆ ಮಗೀಗೆ? ಏನಂತ ಮುಖ ತೋರಿಸ್ಲಿ?"

ಬೊಮ್ಮಕ್ಕ ಪಕ್ಕದಲ್ಲಿ ಕೂತಳು. ಕೆಸರಿಗೆ ಬೆರಳದ್ದಿ ನೆಕ್ಕಿದಳು. ಇನ್ನೊಂದು ಸಲ ನೆಕ್ಕಿದಳು. "ಏಳು ಮ್ಯಾಕೆ. ಅಳೋ ಮೂತಿ ಒರಸ್ಕೊ, ಬಾ ಕೆಳಕ್ಕೆ."

ಕೆಸರೆಲ್ಲ ಬಾಣಲೆಗೆ ಬಿತ್ತು. ಇನ್ನೊಂದಚ್ಚು ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿಟ್ಟು, ಬೊಮ್ಮಕ್ಕ ಕೈಬಿಡದೆ ತೊಳಸಿದಳು. ನೋಡನೋಡುತ್ತ ರಾಗಿ ಬೆಂದು, ಮಂದವಾಗಿ, ತಳ ಬಿಟ್ಟು ಫಳಫಳ ಹೊಳೆಯಿತು.

"ಏನೇ ಇದು ಮಾಯ?"

"ಮಾಯವೂ ಇಲ್ಲ ಮಂತ್ರವೂ ಇಲ್ಲ. ಹಾಲುಬಾಯಿ. ರಾಗಿ, ಬೆಲ್ಲ, ಕಾಯಿಹಾಲು ಹಾಕಿ ನಮ್ಮವ್ವ ಮಾಡ್ತಿರ್ಲಿಲ್ವಾ? ಈ ಕೋಕೋ ಒಂದು ಹೊಸದು."

"ಮೊದ್ಲೇ ಹೇಳಾಕೇನಾಗಿತ್ತು?"

"ನಂಗೆ ಇಂಜಿನಿಯರಿಂಗ್ ಎಲ್ಲಿ ತಿಳೀತದೆ!"

ಹಾಗೆನ್ನುತ್ತಲೇ ತಟ್ಟೆಗೆ ಸವರಲು ಅಭ್ಯಾಸಬಲದಿಂದ ತುಪ್ಪದ ಗಿಂಡಿಗೆ ಕೈ ಹಾಕಿದಳು. ಪಾಲಪ್ಪ ಗಪ್ಪನೆ ಅವಳ ಕೈ ಹಿಡಿದ. "ತುಪ್ಪ ಕಣೇ ಅದು! ಮಗೀಗೆ ಆಗಲ್ಲ! ಸೆಂಟ್ರಿಂಗಿಗೆ ಕೊಬ್ಬರಿ ಎಣ್ಣೆ!" ಬೊಮ್ಮಕ್ಕ ಗಿಂಡಿಯನ್ನು ಅತ್ತ ಸರಿಸಿದಳು. ಆಮೇಲೆ, "ಬದುಕಿಸ್ದೆ ಕಣಯ್ಯ" ಅಂದಳು. ಎರಡು ದಿನದಲ್ಲಿ ಅವನು ಮಾಡಿದ ಒಂದೇ ನೆಟ್ಟಗಿನ ಕೆಲಸ ಅದು.

ಆರಿದ ಹಾಲುಬಾಯಿಯನ್ನು ಲೋಹಿತಾಳ ಕೈಯಲ್ಲೇ ಕೊಯ್ಯಿಸಿದರು. ಮೊದಲ ತುಂಡು ಅವಳ ಬಾಯಿಗೆ. ಗಂಗಲಕ್ಷ್ಮಿ ಉಸಿರು ಬಿಗಿಹಿಡಿದು ಮಗಳ ಮೈ ನೋಡುತ್ತಿದ್ದಳು. ದದ್ದಿಲ್ಲ, ಏನಿಲ್ಲ! ಹುಡುಗಿ ಎರಡನೇ ತುಂಡಿಗೆ ಕೈ ಹಾಕಿದಳು, ಮೂತಿಗೆಲ್ಲ ಬಳಿದುಕೊಂಡಳು, ಬೀದಿಯ ಮಕ್ಕಳನ್ನೆಲ್ಲ ಕರೆದು ತಾನೇ ಹಂಚಿದಳು. ಅದನ್ನು ನೋಡಿ ಪಾಲಪ್ಪನಿಗೆ ಹೊಟ್ಟೆ ತುಂಬಿಹೋಯಿತು.

"ತಾತ, ಇದು ನೀನೇ ಮಾಡಿದ್ದಾ?"

ಪಾಲಪ್ಪ ಬೊಮ್ಮಕ್ಕನ ಕಡೆ ನೋಡಿದ. ಬೊಮ್ಮಕ್ಕ ಸೂರು ನೋಡುತ್ತಿದ್ದಳು.

"ಮೇಸ್ತ್ರಿ ನಿಮ್ಮಜ್ಜಿ ಕಣವ್ವ. ನಾನು ಬರೀ ನೀರು ಹೊಡೆಯೋನು."

ಊಟ ಮುಗಿದ ಮೇಲೆ ಅಡುಗೆಮನೆ ಗೋಡೆಯ ಸರದಿ. ಪಾಲಪ್ಪ ಕರಣೆ ಹಾಕಿ ಕೆರೆದ, ಉಳಿ ಹಾಕಿ ಎಬ್ಬಿದ. ಊಹೂಂ! ಒಣಗಿದ ಚಾಕಲೇಟು ಕಲ್ಲಿನಂತೆ ಕಚ್ಚಿಕೊಂಡಿತ್ತು. ಬೆವರು ಒರೆಸಿಕೊಳ್ಳುತ್ತಿದ್ದವನಿಗೆ ಹಳೇ ಗತ್ತು ಮರಳಿ ಬಂತು.

"ನೋಡಿದ್ಯಾ ಬೊಮ್ಮಿ, ನನ್ ಕೈಯ ಪ್ಲಾಸ್ಟ್ರಿಂಗು! ನೂರು ವರ್ಸ ಆದ್ರೂ ಅಲ್ಲಾಡಲ್ಲ!"

ಬೊಮ್ಮಕ್ಕ ಒಂದು ಚೊಂಬು ನೀರು ತಂದು ಅವನ ಕೈಗಿಟ್ಟಳು.

"ತಗೊ, ಕ್ಯೂರಿಂಗ್ ಮಾಡು. ಸಂಜೆಗೆಲ್ಲ ಬಿದ್ದೋಯ್ತದೆ!"