ಅಂಚಿನಲ್ಲಿ ಬರೆದ ‘ನೀರು ಉಂಟು’

ನನಗೆ ಮೋಸ ಮಾಡುವುದು ಅಷ್ಟು ಸುಲಭವಲ್ಲ. ಜಂಬಕ್ಕೆ ಹೇಳುತ್ತಿಲ್ಲ. ರಾಮಕುಂಜದ ಕಡೆಯ ಒಂದು ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷಿಸಿ ಪರೀಕ್ಷಿಸಿ, ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ತಂದವರ ಮುಖ ನೋಡಿ ನೀರಿನ ಅಂದಾಜು ಮಾಡುವಷ್ಟು ಪಳಗಿದ್ದೇನೆ. ಈ ಗುಣ ಓದುವಾಗಲೂ ಬಿಡುವುದಿಲ್ಲ. ನನ್ನ ಗಂಡ ಪುತ್ತೂರಿನ ಹಳೆ ಪುಸ್ತಕದ ಅಂಗಡಿಯಿಂದ ಪ್ರವಾಸ ಕಥನಗಳನ್ನು ತಂದುಕೊಡುತ್ತಾರೆ, ಓದಿದ್ದನ್ನು ಅಲ್ಲಿಗೇ ವಾಪಸು ಕೊಟ್ಟು ಬೇರೆ ತರುತ್ತಾರೆ. ಬರೆದವರು ಉತ್ಪ್ರೇಕ್ಷೆ ಮಾಡಿದ್ದಾರೆ ಅನ್ನಿಸಿದಲ್ಲೆಲ್ಲ ನಾನು ಅಂಚಿನಲ್ಲಿ ಪೆನ್ಸಿಲಿನಿಂದ ‘ನೀರು ಉಂಟು’ ಎಂದು ಬರೆಯುತ್ತೇನೆ. ಮೊದಲ ಪುಟದಲ್ಲಿ ನನ್ನ ಹೆಸರು, ವಿಳಾಸ ಇರಲೇಬೇಕು. ಅಭಿಪ್ರಾಯ ಯಾರದೆಂದು ಲೋಕಕ್ಕೆ ತಿಳಿಯಬೇಡವೇ?

ತಿಳಿಯಿತು. ನೆಲ್ಯಾಡಿಯಿಂದ ಒಂದು ಕಾಗದ ಬಂತು. ಬರೆದವರು ಏಲಿಯಮ್ಮ, ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಾನು ಓದಿ ವಾಪಸು ಕಳಿಸಿದ್ದ ಒಂದು ಪುಸ್ತಕವನ್ನು ಅದೇ ಅಂಗಡಿಯಿಂದ ಕೊಂಡಿದ್ದರಂತೆ. ‘ಲಡಾಖಿನಲ್ಲಿ ಒಗೆದ ಬಟ್ಟೆ ಹಗ್ಗದ ಮೇಲೇ ಹಲಗೆಯಂತಾಯಿತು ಎಂಬಲ್ಲಿ ನೀರು ಉಂಟು ಎಂದು ಬರೆದಿದ್ದೀರಿ. ನನ್ನ ಯೂನಿಫಾರ್ಮನ್ನು ನಾನು ಬಾಗಿಲಿನ ಹಾಗೆ ಎತ್ತಿಕೊಂಡು ಒಳಗೆ ತಂದಿದ್ದೇನೆ. ನೀವು ಲಡಾಖಿನಲ್ಲಿ ಯಾವ ವರ್ಷ ಇದ್ದಿರಿ?’

ನಾನು ಯಾವ ವರ್ಷವೂ ಇರಲಿಲ್ಲ. ಬಸ್ಸು ಹತ್ತಿದರೆ ಎರಡನೇ ತಿರುವಿಗೆ ವಾಂತಿ ಮಾಡುವವಳು ನಾನು. ಮದುವೆಯ ದಿಬ್ಬಣದ ಬಸ್ಸಿನಲ್ಲಿ ಮದುಮಗಳಿಗೆಂದೇ ಒಂದು ಬಕೆಟ್ ಇಟ್ಟಿದ್ದರು. ಅದನ್ನೆಲ್ಲ ಬರೆಯಲಾದೀತೆ? ‘ಅಲ್ಲಿಗೆ ಹೋಗಲು ಬಿಡುವಾಗಲಿಲ್ಲ’ ಎಂದು ಉತ್ತರಿಸಿದೆ. ಅವರಿಗೆ ಕಿವಿ ಮಂದ, ಫೋನು ಆಗದು. ಹಾಗಾಗಿ ಜಗಳವೆಲ್ಲ ಕಾಗದದಲ್ಲೇ ನಡೆಯಿತು. ವರ್ಷ ಕಳೆಯುವಷ್ಟರಲ್ಲಿ, ಅವರ ಕಾಗದ ಬಾರದ ವಾರ ನನಗೆ ಊಟ ರುಚಿಸುತ್ತಿರಲಿಲ್ಲ. ಆಗ ಬಂತು ನೋಡಿ: ‘ಒಮ್ಮೆ ಮನೆಗೆ ಬನ್ನಿ. ವಯಸ್ಸಾಯಿತು, ಇಷ್ಟು ಜಗಳ ಆಡಿದವರ ಮುಖವನ್ನಾದರೂ ನೋಡಬೇಕು.’ ಆಗುವುದಿಲ್ಲ ಎಂದರೆ ಈ ಸ್ನೇಹ ಕೈತಪ್ಪಿ ಹೋದೀತೆಂದು ನಿಜಕ್ಕೂ ಹೆದರಿಕೆಯಾಯಿತು.

“ಲಡಾಖಿನ ಚಳಿ ಅಳೆದವಳಿಗೆ ನೆಲ್ಯಾಡಿ ಎಂತ ದೂರ ಮಾರಾಯ್ತಿ?” ಎಂದರು ಗಂಡ. “ಕೈಯಲ್ಲಿ ಒಂದು ನಿಂಬೆಹಣ್ಣು ಹಿಡ್ಕೊಂಡು ಹೋಗುದು.”

ಹೋದೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ ಒಮ್ಮೆ ವಾಂತಿಯಾಯಿತು, ನೆಲ್ಯಾಡಿಯಲ್ಲಿ ಇಳಿದ ಮೇಲೆ ಇನ್ನೊಮ್ಮೆ. ಏಲಿಯಮ್ಮ ಬಾಗಿಲಲ್ಲೇ ನನ್ನ ನಾಡಿ ಹಿಡಿದು ನೋಡಿದರು. “ಮಾತು ಮತ್ತೆ ಆಡುವ. ಮೊದಲು ನೀವು ಮಲಗಿ” ಎಂದರು. ಅವರ ಮಂಚದ ಮೇಲೆ ಮೂರು ಗಂಟೆ ನಿದ್ದೆ ಹೊಡೆದೆ. ಎದ್ದಾಗ ಗಂಜಿ ಕೊಟ್ಟರು, ಕುಡಿದೆ. ಅಷ್ಟರಲ್ಲಿ ವಾಪಸು ಬಸ್ಸಿನ ಹೊತ್ತಾಗಿತ್ತು. ಲಡಾಖಿನ ಸುದ್ದಿ ಬರಲೇ ಇಲ್ಲ.

ಆದರೂ ಮರ್ಯಾದೆ ಎಂಬುದೊಂದು ಇದೆಯಲ್ಲ. ಮನೆಗೆ ಬಂದು ನಾಲ್ಕು ಪುಟದ ಕಾಗದ ಬರೆದೆ: ‘ಪ್ರಯಾಣ ಸುಖಕರವಾಗಿತ್ತು. ಕಿಟಕಿಯಾಚೆಯ ರಬ್ಬರ್ ತೋಟಗಳ ಸೊಬಗು ಸವಿಯುತ್ತ ದಾರಿ ಸಾಗಿದ್ದೇ ತಿಳಿಯಲಿಲ್ಲ. ನಿಮ್ಮಲ್ಲಿ ತುಸು ಹೊತ್ತು ವಿಶ್ರಮಿಸಿದ್ದು ಹಿತವಾಯಿತು...’

ಮುಂದಿನ ವಾರ ಅದೇ ಕಾಗದ ನನಗೇ ವಾಪಸು ಬಂತು. ಸಾಲು ಸಾಲಿನ ಅಂಚಿನಲ್ಲೂ ಪೆನ್ಸಿಲಿನಲ್ಲಿ ‘ನೀರು ಉಂಟು’. ಕೊನೆಯಲ್ಲಿ ಏಲಿಯಮ್ಮ ತಾವೇ ಬರೆದದ್ದು ಇಷ್ಟು: ‘ಇನ್ನು ನೀವು ಬಸ್ಸು ಹತ್ತುವುದು ಬೇಡ. ಬರುವ ಭಾನುವಾರ ನಾನೇ ಬರುತ್ತೇನೆ.’

ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿದೇ ಅದನ್ನು ಎರಡೆರಡು ಸಲ ಓದಿದೆ. ಅಂಚಿನಲ್ಲಿ ಬರೆಯಲು ನನಗೆ ಏನೂ ಸಿಗಲಿಲ್ಲ.