ಸೀನು ತಂದ ಸೀಟು

ಅಮರಗೋಳದ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವ ಗುರುಶಿದ್ದಪ್ಪನವರ ಮೂಗು ಲೋಕೋತ್ತರವಾದದ್ದು. ಅಂಗಡಿಯ ಬಾಗಿಲಿಗೆ ಬಂದವರೆಲ್ಲ ಸೀನಿ ಸೀನಿ ಸುಸ್ತಾಗುತ್ತಿದ್ದರೆ ಅವರು ಮೆಣಸಿನಕಾಯಿ ಚೀಲದ ಮೇಲೆ ಕೂತು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಸೀನು ಹಾಗಿರಲಿ, ಅವರ ಕಣ್ಣಲ್ಲಿ ಒಂದು ಹನಿ ನೀರು ಕಂಡವರೂ ಇಲ್ಲ. (ಮದುವೆಯಲ್ಲಿ ತನ್ನ ತವರಿನವರೆಲ್ಲ ಅಳುತ್ತಿದ್ದಾಗ ಇವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರೆಂಬುದು ಹೆಂಡತಿ ದೇವಕ್ಕನ ಶಾಶ್ವತ ದೂರು.)

ಇಂಥ ಗಟ್ಟಿ ಮನುಷ್ಯನಿಗೆ ಮಗಳು ಸುಕನ್ಯಾ ಚಿಂತೆ ಹಚ್ಚಿದ್ದಳು. ಇಂಜಿನಿಯರಿಂಗ್ ಓದುವುದು ಖಚಿತ. ಯಾವ ಬ್ರಾಂಚ್ ಎಂದರೆ ಸೋಮವಾರ ಸಿವಿಲ್, ಮಂಗಳವಾರ ಎಲೆಕ್ಟ್ರಾನಿಕ್ಸ್, ಬುಧವಾರ ‘ಗೊತ್ತಿಲ್ಲ’. ಸೀಟು ಎರಡು ಕಡೆ ಸಿಕ್ಕಿತ್ತು. ರಾಯಾಪುರದ ದಾರಿಯ ಕಾಲೇಜಿನಲ್ಲಿ ಕಂಪ್ಯೂಟರ್. ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಬೆಳಗಾವಿಯ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲದರ ರುಚಿ ನೋಡಿ ಆಮೇಲೆ ಬ್ರಾಂಚ್ ಆರಿಸಿಕೊಳ್ಳಬಹುದು. ಆದರೆ ಹಾಸ್ಟೆಲ್ಲಿನಲ್ಲಿ ಇರಬೇಕು. ಊಟಕ್ಕೆ ಮಗಳು ಎದುರಿಗೆ ಕೂರದಿದ್ದರೆ ಗುರುಶಿದ್ದಪ್ಪನವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಪೈಕಿ ಅವರಲ್ಲ.

“ಕಂಪ್ಯೂಟರಿಗೆ ಭಾಳ ಡಿಮ್ಯಾಂಡ್ ಐತಿ,” ಎಂದಷ್ಟೇ ಹೇಳಿದರು.

“ನಿಮಗ ಕಂಪ್ಯೂಟರ್ ಅಂದ್ರೇನು ಗೊತ್ತೈತ್ರಿ?” ದೇವಕ್ಕ ಕೇಳಿದಳು. “ಮೊಬೈಲಿನ್ಯಾಗ ಫೋಟೋ ದೊಡ್ಡದು ಮಾಡಾಕ ಬರೂದಿಲ್ಲ!”

“ಡಿಮ್ಯಾಂಡ್ ಅಂದ್ರೇನು ಗೊತ್ತೈತಲ್ಲ?”

“ಅಪ್ಪಾ, ಇಷ್ಟಾ ಐತೋ ಇಲ್ಲೋ ತಿಳೀದ ನಾಕು ವರ್ಷ ಹೆಂಗ ಓದ್ಲಿ?” ಎಂದಳು ಸುಕನ್ಯಾ.

“ಮೊದಲ ಕಾಲೇಜು ನೋಡು. ಇಷ್ಟಾ ತಾನ ಬರ್ತೈತಿ.”

ರಾಯಾಪುರದ ಕಾಲೇಜಿನವರು ಹೊಸಬರಿಗೂ ಪಾಲಕರಿಗೂ ಒಂದು ಕಾರ್ಯಕ್ರಮ ಇಟ್ಟಿದ್ದರು. “ಜಳಕಾ ಮಾಡಿ ಅಂಗಿ ಬದಲಿಸಿ ಹೋಗ್ರಿ,” ಎಂದು ದೇವಕ್ಕ ಬಡಿದುಕೊಂಡಳು. ಆದರೆ ಮೆಣಸಿನಕಾಯಿ ಹರಾಜಿನ ಸವಾಲು ಮುಗಿಸಿ ನೇರವಾಗಿ ಬಂದಿದ್ದ ಗುರುಶಿದ್ದಪ್ಪನವರು ಹೆಗಲ ಟವೆಲ್ಲನ್ನು ಮೂಸಿ, “ನನಗೇನೂ ಘಾಟು ಬರವಲ್ದು,” ಎಂದು ತೀರ್ಪು ಕೊಟ್ಟು ಮಗಳೊಂದಿಗೆ ಹೊರಟೇಬಿಟ್ಟರು.

ತಣ್ಣನೆಯ ಎ.ಸಿ. ಹಾಲು. ವೇದಿಕೆಯ ಮೇಲೆ ಪ್ರೊಫೆಸರರು ಕಂಪ್ಯೂಟರ್ ಮಹಾತ್ಮೆಯನ್ನು ಸೊಗಸಾಗಿ ಬಣ್ಣಿಸುತ್ತಿದ್ದರು. ಸುಕನ್ಯಾ ತಲೆದೂಗಿದಳು. ಕಡೆಗೆ ಅಪ್ಪನ ಕಿವಿಗೆ ಬಾಗಿ, “ಛಲೋ ಅನಸ್ತೈತಿ ಅಪ್ಪಾ. ಇಲ್ಲೇ ಸೇರ್ತೇನಿ ಬಿಡು,” ಎಂದಳು.

ಮಾರ್ಕೆಟ್ಟಿನಲ್ಲಿ ಸವಾಲು ತಮ್ಮ ಕಡೆ ಆದಾಗ ಟವೆಲ್ಲನ್ನು ಒಮ್ಮೆ ಫಟ್ಟನೆ ಝಾಡಿಸುವುದು ಗುರುಶಿದ್ದಪ್ಪನವರ ವಾಡಿಕೆ. ಸಂತೋಷಕ್ಕೆ ಕೈ ತಾನಾಗಿಯೇ ಎದ್ದಿತು. ಫಟ್!

ಉಳಿದ ಕೆಲಸವನ್ನು ಎ.ಸಿ. ಮಾಡಿತು. ಮುಂದಿನ ಸಾಲು ಸೀನಿತು, ಅದರ ಮುಂದಿನ ಸಾಲು ಕೆಮ್ಮಿತು. “ಕಂಪ್ಯೂಟರಿನ ಭವಿಷ್ಯ... ಆಕ್ಷೀ!” ಎಂದು ಪ್ರೊಫೆಸರರು ಮೈಕು ಬಿಟ್ಟು ಓಡಿದರು. ಸುಕನ್ಯಾಳೂ ಮೂಗು ಮುಚ್ಚಿಕೊಂಡು ಓಡಿದಳು. ಹಾಲು ಬರಿದಾಯಿತು. ಗುರುಶಿದ್ದಪ್ಪನವರೊಬ್ಬರೇ ಕೂತು, “ಎಲ್ಲಾರಿಗೂ ಒಮ್ಮೇ ನೆಗಡಿ ಬಂತೇನು?” ಎಂದು ಮರುಗಿದರು.

ಹೊರಗೆ ಬಂದರೆ ಸುಕನ್ಯಾ ನಳದ ಹತ್ತಿರ ಕಣ್ಣು ತೊಳೆದುಕೊಳ್ಳುತ್ತ, ಅಲ್ಲೇ ಸೀನುತ್ತಿದ್ದ ಕಡೇ ವರ್ಷದ ಹುಡುಗಿಯೊಬ್ಬಳೊಡನೆ ಮಾತಿಗಿಳಿದಿದ್ದಳು.

“ಅಪ್ಪಾ, ಇಕಿ ಫಿಜಾ. ಇಕೀನೂ ನನ್ನಂಗ ಏನೂ ತಿಳೀದ ಕಂಪ್ಯೂಟರ್ ತಗೊಂಡಿದ್ಲಂತ. ಸೇತುವಿ ಕಟ್ಟೂದು ಇಷ್ಟಾ ಅಂತ ಗೊತ್ತಾಗೂದ್ರಾಗ ಮೂರು ವರ್ಷ ಮುಗದಿದ್ವಂತ. ನಾ ಬೆಳಗಾವಿಗೆ ಹೋಗ್ತೇನಿ.”

“ಒಳಗ ಇಲ್ಲೇ ಸೇರ್ತೇನಿ ಅಂದ್ಯಲ್ಲ?”

“ಅಂದಿದ್ದೆ. ಸೀನು ಬಂತು, ಹೊರಗ ಬಂದೆ.”

ಗುರುಶಿದ್ದಪ್ಪನವರು ಟವೆಲ್ಲನ್ನು ಮೆಲ್ಲಗೆ ಮಡಚಿ ಬಗಲಲ್ಲಿ ಇಟ್ಟುಕೊಂಡರು. ಮಗಳು ಹೇಳಿದ್ದು ಖರೆ ಎಂದು ಅವರಿಗೂ ಅನ್ನಿಸಿತ್ತು. ಅದೇ ಅವರ ದೊಡ್ಡ ಸಂಕಟ.

ಬೆಳಗಾವಿಗೆ ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಸುಕನ್ಯಾ ಅಪ್ಪನ ಹೆಗಲ ಮೇಲಿನ ಟವೆಲ್ಲನ್ನು ಎಳೆದು ತನ್ನ ಬ್ಯಾಗಿಗೆ ತುರುಕಿಕೊಂಡಳು. “ಮನಿ ನೆನಪಾದಾಗ ಮೂಸಿ, ಎರಡು ಸಲ ಸೀನತೇನಿ!”

ಬರಿಹೆಗಲಲ್ಲಿ ನಿಂತ ಗಂಡನನ್ನು ನೋಡಲಾರದೆ ದೇವಕ್ಕ ಎದುರಿನ ಅಂಗಡಿಯಿಂದ ಹೊಸದೊಂದು ಟವೆಲ್ ತಂದು ಹೊದಿಸಿದಳು. ಬಸ್ಸು ಹೊರಟಿತು. ಗುರುಶಿದ್ದಪ್ಪನವರು ಅದರಿಂದಲೇ ಕಣ್ಣೊರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ಈ ವರ್ಷದ ಮೆಣಸಿನಕಾಯಿ ಭಾಳ ಖಾರ ಐತಿ ನೋಡು. ಟವೆಲ್ಲಿಗೆಲ್ಲಾ ಹತ್ತೇತಿ.”

“ಹೌದ್ರಿ,” ಎಂದ ದೇವಕ್ಕ, ಆ ಟವೆಲ್ಲಿನ ಅಂಚಿಗೆ ಇನ್ನೂ ಅಂಟಿದ್ದ ಅಂಗಡಿಯ ಚೀಟಿಯನ್ನು ಕಿತ್ತು ಅವರ ಕೈಗಿಟ್ಟಳು.