ನಮ್ಮ ಲೈನ್‌ಮನ್‌ಗೆ ವರ್ಗ ಆತು

ಫುಟ್‌ಬಾಲ್ ಬಗ್ಗೆ ಜಗಳ ಮಾಡುವವರು ಯಾಕೋ ಟೇಲರ್ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ರೋಣದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಊರಿನ ತಂಡಕ್ಕೆ ಅಂಗಿ ಹೊಲಿದುಕೊಟ್ಟವನು ನಾನೇ ಆದ್ದರಿಂದ, ಗೆದ್ದರೂ ಸೋತರೂ ಪಂಚಾಯತಿ ನಡೆಯುವುದು ನನ್ನ ಬೆಂಚಿನ ಮೇಲೆಯೇ. ಆ ಮಾತು ಕೇಳುತ್ತ ಕೇಳುತ್ತ ಎಷ್ಟೋ ಮಂದಿಯ ಅಂಗಿಯ ತೋಳು ಗಿಡ್ಡ ಮಾಡಿದ್ದೇನೆ. ಹೊಲಿಗೆ ಮರೆತುಹೋಗಿದೆ, ಮಾತು ಮಾತ್ರ ನೆನಪಿದೆ.

೧. ಅವ ಓಡೂದ ಇಲ್ಲ

ನಮ್ಮ ತಂಡದ ಜೀವ ಎಂದರೆ ಕರೆಂಟ್ ಆಫೀಸಿನ ಒಬ್ಬ ಲೈನ್‌ಮನ್. ಅವನು ಮಿಡ್‌ಫೀಲ್ಡರ್. ಮೈದಾನದ ನಡುವೆ ನಿಂತು, ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಹಂಚುವುದು ಅವನ ಕೆಲಸ. ಅವನ ವಿಷಯದಲ್ಲಿ ನನ್ನ ಬೆಂಚಿನ ಮೇಲೆ ಎರಡು ಪಕ್ಷ. ರಿಟೈರ್ ಆದ ಹೆಡ್ ಮಾಸ್ತರರದು ಒಂದು, ಗೊಬ್ಬರದ ಅಂಗಡಿ ಸಾಹುಕಾರರದು ಇನ್ನೊಂದು.

“ಆಟ ಮುಗಿಯೂತನಕಾ ನಡಕೋತನ ಇರ್ತಾನ್ರಿ ಅವ, ಸಂತಿ ಮಾಡಾಕ ಬಂದಾವ್ರಂಗ,” ಎಂದರು ಸಾಹುಕಾರರು.

“ಚೆಂಡ ಎಲ್ಲಿ ಬರ್ತದ ಅಂತ ಮೊದಲ ಗೊತ್ತಿದ್ದಾವ ಯಾಕ ಓಡಬೇಕ್ರಿ? ಅದಕ್ಕ ಬುದ್ಧಿ ಅಂತಾರ,” ಎಂದರು ಮಾಸ್ತರರು.

ಅಷ್ಟರಲ್ಲಿ ಆ ಲೈನ್‌ಮನ್ನೇ ಪ್ಯಾಂಟಿಗೆ ಹೊಸ ಜಿಪ್ ಹಾಕಿಸಲು ಬಂದ. ಮಾಸ್ತರರು ಅವನನ್ನೇ ಕೇಳಿಬಿಟ್ಟರು, “ತಮ್ಮಾ, ನಿನ್ನಿ ನೀ ಓಡಲಿಲ್ಲಲ್ಲ, ಅದು ವಿಚಾರ ಮಾಡೇ ಮಾಡಿದ್ದು ಹೌದಲ್ಲೋ?”

ಅವನು ಸಂಕೋಚದಿಂದ, “ಇಲ್ರಿ ಸರ. ಶನಿವಾರ ಯಾವಗಲ್ ಊರ ಕಡಿ ಲೈನಿನಾಗ ಹದಿನಾಲ್ಕ ಕಂಬ ಹತ್ತಿ ಇಳದಿದ್ನಿ. ತೊಡಿ ಹಿಡಕೊಂಡಿದ್ವು, ಓಡಾಕ ಬರ್ತಿದ್ದಿಲ್ಲ,” ಎಂದ.

ಸಾಹುಕಾರರು ಗೆದ್ದೆ ಎನ್ನುವಂತೆ ನಕ್ಕರು. ಮಾಸ್ತರರು ಸೋಲಲಿಲ್ಲ. “ನೋಡ್ರಿ ಮತ್ತ, ತೊಡಿ ಹಿಡದಾಗೇ ಹಿಂಗ ಆಡ್ತಾನ,” ಎಂದರು.

೨. ಸುದ್ದಿ ಬಂದ ದಿನ

ಲೈನ್‌ಮನ್‌ಗೆ ಗಜೇಂದ್ರಗಡಕ್ಕೆ ವರ್ಗ ಆಗುತ್ತದೆ ಎಂಬ ಸುದ್ದಿ ಬಂತು. ಬೇರೆ ಎಲ್ಲಿಗಾದರೂ ಆಗಿದ್ದರೆ ತಡೆದುಕೊಳ್ಳುತ್ತಿದ್ದೆವು. ಗಜೇಂದ್ರಗಡದ ತಂಡ ಎಂದರೆ ನಮಗೆ ಮೊದಲಿನಿಂದ ಪೈಪೋಟಿ. ಇನ್ನು ಅವರ ಪರವಾಗಿ ಅವನು ನಮ್ಮ ಮೇಲೆಯೇ ಆಡುತ್ತಾನೆ.

ಮಾಸ್ತರರಿಗಿಂತ ಹೆಚ್ಚು ಸೊರಗಿದವರು ಸಾಹುಕಾರರು. ತಂದ ಚಹಾ ಆರಿಹೋಯಿತು, ಮುಟ್ಟಲಿಲ್ಲ.

ನಾನು, “ನಿಮಗ ಅವನ ಆಟ ಸೇರ್ತಿದ್ದಿಲ್ಲಲ್ರಿ ಸಾಹುಕಾರ್ರ, ಹೋದ್ರ ಹೋಗ್ಲಿ ಬಿಡ್ರಿ,” ಎಂದೆ.

ಅವರು ನನ್ನನ್ನು ಮಿಕಿಮಿಕಿ ನೋಡಿ, “ಉಳಿದ ಹತ್ತ ಮಂದ್ಯಾಗ ಕುಂತ ಬೈಯೂವಂಗ ಆಡಾವ್ರು ಯಾರದಾರಪಾ?” ಎಂದರು.

೩. ನರಗುಂದಕ್ಕೆ ಹೋದ ಅರ್ಜಿ

ವರ್ಗ ತಪ್ಪಿಸಬೇಕೆಂದು ಮಾಸ್ತರರು ಎರಡು ಪುಟದ ಅರ್ಜಿ ಬರೆದರು. ಫುಟ್‌ಬಾಲ್ ಎಂಬ ಶಬ್ದ ಬರಬಾರದೆಂದು ಎಲ್ಲರೂ ತಾಕೀತು ಮಾಡಿದ್ದೆವು. ಬಸ್ಸು ಹಿಡಿದು ನಾವು ಮೂವರು ನರಗುಂದದ ದೊಡ್ಡ ಕರೆಂಟ್ ಆಫೀಸಿಗೆ ಹೋದೆವು. ಅಲ್ಲಿಯ ಅಧಿಕಾರಿ ಮೇಡಮ್ ಕೂಡ್ರಿ ಎಂದು ಹೇಳಿ, ಅರ್ಜಿಯನ್ನು ಪೂರಾ ಓದಿದರು.

“‘ಇವರು ಎರಡೂ ಕಾಲುಗಳನ್ನು ಸಮನಾಗಿ ಬಳಸಬಲ್ಲರು’ ಅಂತ ಬರದೀರಿ,” ಎಂದರು. “ಕಂಬಾ ಹತ್ತಾವ್ರು ಎಲ್ಲಾರೂ ಎರಡೂ ಕಾಲ ಬಳಸ್ತಾರ್ರಿ ಸರ.”

ಮಾಸ್ತರರು ಕೆಮ್ಮಿದರು. ಮೇಡಮ್ ನಗು ತಡೆದುಕೊಂಡು ಮೆತ್ತಗೆ ಹೇಳಿದರು, “ವರ್ಗ ಕೇಳಿದಾವ ಅವನೇ ರೀ. ಹೆಂಡ್ತಿ ಅಲ್ಲೇ ಗಜೇಂದ್ರಗಡದಾಗ ಸಾಲಿ ಟೀಚರ್. ಎಂಟ ತಿಂಗಳ ಕೂಸು ಅದ. ರವಿವಾರ ಒಂದ ದಿನ ಹೋಗಿ ಬರಬೇಕು ಅಂದ್ರ ಅದಕ್ಕೂ ಏನೋ ಅಡಚಣಿ ಬರ್ತದಂತ.”

ಆ ಅಡಚಣಿ ನಾವೇ. ನಮ್ಮ ಆಟ ಇರುತ್ತಿದ್ದದ್ದು ರವಿವಾರ. ಒಂದು ಮಾತೂ ಆಡದೆ ಅವನು ಬಂದು ಆಡಿ ಹೋಗುತ್ತಿದ್ದ. ನಾವು ಚಪ್ಪಾಳೆ ಹೊಡೆದು, ಮುಂದಿನ ವಾರ ತಪ್ಪಿಸಬ್ಯಾಡ ಎಂದು ಹೇಳಿ ಕಳಿಸುತ್ತಿದ್ದೆವು. ಮೂವರಿಗೂ ತಲೆ ಎತ್ತಲಾಗಲಿಲ್ಲ.

ಮಾಸ್ತರರು ಅರ್ಜಿಯನ್ನು ವಾಪಸು ಕೇಳಿ, ಕಿಸೆಯಿಂದ ಪೆನ್ನು ತೆಗೆದು, ‘ರದ್ದು ಮಾಡಬೇಕು’ ಎಂದಿದ್ದನ್ನು ಹೊಡೆದು ‘ಬೇಗನೆ ಮಾಡಬೇಕು’ ಎಂದು ಬರೆದರು.

“ಮತ್ತ ಆ ಕಾಲಿಂದು?” ಎಂದು ಕೇಳಿದರು ಮೇಡಮ್.

“ಅದು ಇರಲಿ ಬಿಡ್ರಿ. ಅದು ಖರೇನ ಅದ.”

೪. ಎಂಟನೇ ನಂಬರಿನ ಅಂಗಿ

ಬೀಳ್ಕೊಡುವ ದಿನ ಸಾಹುಕಾರರು ಎದ್ದು ನಿಂತು ಭಾಷಣ ಮಾಡಿದರು. ದೊಡ್ಡ ದೊಡ್ಡ ತಂಡಗಳಲ್ಲಿ ಇಂಥ ಆಟಗಾರ ಬಿಟ್ಟುಹೋದರೆ ಅವನ ನಂಬರಿನ ಅಂಗಿಯನ್ನು ಯಾರಿಗೂ ಕೊಡುವುದಿಲ್ಲವಂತೆ. ನಾವೂ ಇವನ ಎಂಟನೇ ನಂಬರಿನ ಅಂಗಿಯನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ತೂಗುಹಾಕೋಣ ಎಂದರು. ಲೈನ್‌ಮನ್ ಕಣ್ಣು ಒರೆಸಿಕೊಂಡ. ಎಲ್ಲರೂ ಚಪ್ಪಾಳೆ ಹೊಡೆದರು.

ತಂಡದ ಕ್ಯಾಪ್ಟನ್ ಮಾತ್ರ ನನ್ನ ಕಿವಿಯ ಹತ್ತಿರ ಬಂದು, “ಚಾಚಾ, ನಮ್ಮ ಹಂತ್ಯಾಕ ಇರೂವು ಹನ್ನೊಂದೇ ಅಂಗಿ. ಒಂದನ್ನ ಗೋಡಿಗೆ ಹಾಕಿದ್ರ ಹತ್ತೇ ಮಂದಿ ಆಡಬೇಕಾಗ್ತದ,” ಎಂದ.

ಮರುದಿನವೇ ಸಾಹುಕಾರರಿಗೆ ತಿಳಿಯದಂತೆ ಎಂಟರ ಪಕ್ಕಕ್ಕೆ ಒಂದರ ಅಂಕಿ ಹಚ್ಚಿ ಹದಿನೆಂಟು ಮಾಡಿಕೊಟ್ಟೆ.

೫. ಗಜೇಂದ್ರಗಡದ ಮೈದಾನ

ಎರಡು ತಿಂಗಳಿಗೆ ಗಜೇಂದ್ರಗಡದಲ್ಲಿಯೇ ಆಟ ಬಿತ್ತು. ಟೆಂಪೋ ಮಾಡಿಕೊಂಡು ಊರಿಗೆ ಊರೇ ಹೋದೆವು. ಮೈದಾನದ ಅಂಚಿನಲ್ಲಿ ಲೈನ್‌ಮನ್‌ನ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನಮ್ಮ ಸಾಹುಕಾರರು ಆಟ ಬಿಟ್ಟು ಕೂಸನ್ನು ಆಡಿಸಲು ಹೋದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಲೈನ್‌ಮನ್ ಕಾಲಿಗೆ ಬಂತು. ನಮ್ಮ ಫಾರ್ವರ್ಡ್ ಹುಡುಗ ಗೋಲಿನ ಕಡೆ ಓಡುತ್ತ, ರೂಢಿಯಂತೆ, “ಅಣ್ಣಾ, ಇಲ್ಲಿ,” ಎಂದು ಕೂಗಿದ. ಲೈನ್‌ಮನ್ ತಲೆ ಸಹ ಎತ್ತಲಿಲ್ಲ. ನಾಲ್ಕು ಮಂದಿಯ ನಡುವಿನಿಂದ ಚೆಂಡನ್ನು ನೆಟ್ಟಗೆ ಆ ಹುಡುಗನ ಪಾದಕ್ಕೆ ಮುಟ್ಟಿಸಿದ. ಹುಡುಗ ಗೋಲು ಹೊಡೆದ. ನಾವು ಕುಣಿದೆವು. ಗಜೇಂದ್ರಗಡದವರು ದಂಗಾಗಿ ನಿಂತರು. ಲೈನ್‌ಮನ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

ಆಮೇಲೆ ತಪ್ಪು ತಿದ್ದಿಕೊಳ್ಳುವವನಂತೆ ಆಡಿ, ತಾನೇ ಎರಡು ಗೋಲು ಹೊಡೆದು ಅವರನ್ನು ಗೆಲ್ಲಿಸಿದ. ಆದರೂ ಅವರ ಕ್ಯಾಪ್ಟನ್ನಿಗೆ ಸಮಾಧಾನ ಇಲ್ಲ. ಎಲ್ಲರೂ ಚಹಾ ಕುಡಿಯುತ್ತ ನಿಂತಾಗ ನಮ್ಮ ಮುಂದೆಯೇ ಕೇಳಿಬಿಟ್ಟ, “ಅಲ್ಲಪಾ, ನೀ ಈಗ ನಮ್ಮಾವ ಹೌದಲ್ಲೋ? ಆ ಪಾಸ್ ಅವರಿಗೆ ಹ್ಯಾಂಗ ಕೊಟ್ಟಿ?”

ಲೈನ್‌ಮನ್ ಕಪ್ಪು ಕೆಳಗಿಟ್ಟು, ಬಹಳ ವಿನಯದಿಂದ ಹೇಳಿದ:

“ತಪ್ಪಾತ್ರಿ. ವರ್ಗದ ಆರ್ಡರ್ ನನಗಷ್ಟ ಮುಟ್ಟೇತಿ, ಕಾಲಿಗೆ ಇನ್ನೂ ಮುಟ್ಟಿಲ್ರಿ.”